ಗುಳ್ಳೆಗಳ ಗೋತ್ರ

(ಪ್ಯಾರಿಸ್ಸಿನ ಒಂದು ವೈನ್ ಅಂಗಡಿ. ಕಪಾಟಿನಲ್ಲಿ ಫ್ರಾನ್ಸಿನ ಶಾಂಪೇನ್, ಪಕ್ಕದಲ್ಲಿ ಸ್ಪೇನಿನ ಕಾವಾ.)

ಶಾಂಪೇನ್: ಏಯ್, ಆಚೆ ಸರಿ! ನನ್ನ ಮನೆತನವೇನು, ನಿನ್ನ ಬೆಲೆಯೇನು?

ಕಾವಾ: ಯಜಮಾನ್ರೇ, ಇಬ್ಬರೂ ಬಾಟಲಿಯೊಳಗೇ ಎರಡನೇ ಸಲ ಹುದುಗಿದವರು. ವಿಧಾನ ಒಂದೇ ಅಲ್ಲವೇ?

ಶಾಂಪೇನ್: ನೆಲಮಾಳಿಗೆಯ ಕತ್ತಲಲ್ಲಿ ಕನಿಷ್ಠ 15 ತಿಂಗಳು ತಪಸ್ಸು ಮಾಡಿದವನು ನಾನು!

ಕಾವಾ: ನನಗೆ 9 ಸಾಕು. ಮನುಷ್ಯರೂ ಅಷ್ಟಕ್ಕೇ ಹುಟ್ಟುತ್ತಾರೆ, ಯಾರೂ ತಕರಾರು ತೆಗೆದಿಲ್ಲ.

ಶಾಂಪೇನ್: ಗುಳ್ಳೆ ಕಂಡುಹಿಡಿದದ್ದೇ ನಮ್ಮ ಸನ್ಯಾಸಿ ಡಾಮ್ ಪೆರಿನ್ಯೋಂ, ಗೊತ್ತಾ?

ಕಾವಾ: ಪಾಪ, ಅವರು ಗುಳ್ಳೆ ಬಾರದಿರಲೆಂದು ಹೆಣಗಿದವರು! ಸಕ್ಕರೆ ಹಾಕಿ ವೈನನ್ನು ನೊರೆಗಟ್ಟಿಸುವ ವಿಷಯವನ್ನು ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ 1662ರಲ್ಲೇ ಹೇಳಿಬಿಟ್ಟಿದ್ದ.

ಶಾಂಪೇನ್: ಹೋಗಲಿ, ನಮ್ಮೂರಿನ ಸುಣ್ಣದ ನೆಲ, ಆ ಚಳಿ, ಅದರಿಂದ ಬರುವ ಹುಳಿ ನಿನಗೆಲ್ಲಿ?

ಕಾವಾ: ಅದನ್ನು ಒಪ್ಪಿದೆ. ಆದರೆ ಮದುವೆಮನೆಯಲ್ಲಿ ನಿಮಗೆ ಕಿತ್ತಳೆ ರಸ ಬೆರೆಸಿದ ಮೇಲೆ ಆ ಹುಳಿ ಯಾರದೆಂದು ಯಾರಿಗೆ ಗೊತ್ತು?

(ಶಾಂಪೇನ್ ಮೌನ. ಅಷ್ಟರಲ್ಲಿ ಅಂಗಡಿಯವನು ಇಟಲಿಯ ಪ್ರೊಸೆಕ್ಕೊ ತಂದಿಡುತ್ತಾನೆ.)

ಪ್ರೊಸೆಕ್ಕೊ: ಸರಿಯಾಗಿ ಹೇಳಿದೆಯಣ್ಣಾ! ಗುಳ್ಳೆಗಳಲ್ಲಿ ಮೇಲು ಕೀಳು ಉಂಟೇ?

ಕಾವಾ (ಮೂಗು ಮುರಿದು): ನೀನು ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿದವನಲ್ಲವೇ? ಕ್ಷಮಿಸಪ್ಪ, ನಿನ್ನ ಜೊತೆ ನಮಗೆ ಪಂಕ್ತಿ ಇಲ್ಲ.