ಜ್ವಾಲಾಮುಖಿಯೋ, ಕುಳ್ಳೋ?

ಬೆಂಗಳೂರಿನ ನಮ್ಮ ಬೀಗರಿಗೆ ಬೆಟ್ಟ ಹತ್ತುವ ಹುಚ್ಚು. ಅದೂ ಜ್ವಾಲಾಮುಖಿಯ ಬೆಟ್ಟವೇ ಆಗಬೇಕು, ಮೈತುಂಬ ಪುರಾತನ ಕಾಡಿರಬೇಕು. ಸುರಪುರಕ್ಕೆ ಬಂದು ಇದನ್ನು ಕೇಳುವುದೆಂದರೆ ರೊಟ್ಟಿ ಖಾನಾವಳಿಯಲ್ಲಿ ಕೂತು ನೀರುದೋಸೆ ಕೇಳಿದ ಹಾಗೆ. ನಮ್ಮ ಗ್ರಾನೈಟ್ ಗುಂಡುಗಳು ಸುಮಾರು 250 ಕೋಟಿ ವರ್ಷದ ಹಿಂದೆ ನೆಲದೊಳಗೇ ಸದ್ದಿಲ್ಲದೆ ತಣ್ಣಗಾದವು. ಹೊರಗೆ ಬಂದು ಬೆಂಕಿ ಉಗುಳುವ ಶೋಕಿ ಅವಕ್ಕಿರಲಿಲ್ಲ. ಕಾಡೆಂದರೆ ಜಾಲಿ. ಅದು ನೆರಳಿಗೆ ಜಿಪುಣ, ಮುಳ್ಳಿಗೆ ಧಾರಾಳಿ.

"ಹೋಗಲಿ, ಬೂದಿಯಾದ್ರೂ ಇದೆಯಾ?" ಎಂದರು.

"ಅದಕ್ಕೇನ್ ಬರ ಐತ್ರಿ ಬೀಗರೆ?"

ತಾಲ್ಲೂಕಿನ ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷ ಹಳೆಯ ಬೂದಿ ದಿಬ್ಬವೇ ಇದೆ. ದಖ್ಖಣದ ಇಂಥ ದಿಬ್ಬಗಳನ್ನು ಕಂಡ ಕೆಲವು ಸಾಹೇಬರು 19ನೇ ಶತಮಾನದಲ್ಲಿ ಈ ಬೂದಿ ಜ್ವಾಲಾಮುಖಿಯದೇ ಎಂದು ಲೆಕ್ಕ ಹಾಕಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಸುಟ್ಟ ಸಗಣಿ ಅಂದ. ಮುಂದೆ 1990ರ ದಶಕದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬೂದಿಹಾಳವನ್ನು ಅಗೆದಾಗ ನವಶಿಲಾಯುಗದ ದನದೊಡ್ಡಿಯ ಗುರುತು ಸಿಕ್ಕಿತು. ಪಂಡಿತರು ಅಷ್ಟು ದೂರ ಸುತ್ತಿ ಬಂದು ಸೇರಿದ್ದು ನಮ್ಮ ತಿಪ್ಪೆಗೆ! ಕುಳ್ಳು ತಟ್ಟುವ ಯಾವ ಅಜ್ಜಿಯನ್ನು ಕೇಳಿದ್ದರೂ ಒಂದು ಎಲೆ ಅಡಿಕೆಗೆ ಹೇಳಿಬಿಡುತ್ತಿದ್ದಳೇನೋ.

ಬೀಗರ ಮುಖ ಸಣ್ಣದಾಯಿತು. ಸಮಾಧಾನಕ್ಕೆಂದು ಶಹಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬೆಟ್ಟದ ಸಾಲೇ ಮಲಗಿದ ಬುದ್ಧನಂತೆ ಕಾಣುತ್ತದೆ: ಹಣೆ, ಮೂಗು, ಗದ್ದ, ಎದೆ. ಬಿಸಿಲು ಆಗಲೇ ನೆತ್ತಿಗೇರಿತ್ತು.

"ಹತ್ತೋಣೇನ್ರಿ?" ಎಂದೆ.

ಬೀಗರು ಬಂಡೆಗಳನ್ನೊಮ್ಮೆ, ಚಹಾದಂಗಡಿಯ ತಗಡಿನ ನೆರಳನ್ನೊಮ್ಮೆ ನೋಡಿದರು. "ಮಲಗಿದವರನ್ನು ತುಳಿಯಬಾರದು ಕಣ್ರೀ," ಎಂದು ಎರಡು ಚಹಾ ಹೇಳಿದರು.