ಬಾಮೈದನ ಜನನ, ಪ್ರೇಮದ ಭಾಗಾಕಾರ

ಪ್ರೇಮಶಾಸ್ತ್ರದಲ್ಲಿ ನನ್ನ ಅಧಿಕಾರ ಸಣ್ಣದೇನಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಬಾಡಿಗೆಗೆ ತಂದ ಕಾದಂಬರಿಗಳನ್ನು ಮನೆಮಂದಿಯೆಲ್ಲ ಓದಿ ಮುಗಿಸಿದ ಮೇಲೆ, ಅಂದರೆ ರಾತ್ರಿ ಹನ್ನೊಂದರ ನಂತರ, ಅಧ್ಯಯನ ಮಾಡಿದವನು ನಾನು. ಸ್ವತಃ ಪ್ರೇಮಿಸಿದ್ದಿಲ್ಲ, ಮದುವೆಯಾಗಿ 28 ವರ್ಷವಾಯಿತು. ಹಾಗಾಗಿ ಪಕ್ಷಪಾತದ ಪ್ರಶ್ನೆಯೇ ಬರುವುದಿಲ್ಲ.

ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನೇ ತೆಗೆದುಕೊಳ್ಳಿ. ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳನ್ನು ವರಿಸಬೇಕಾದ ಮೋಹನ ಮಾವನ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಓದುತ್ತಾನೆ. ಅಷ್ಟರಲ್ಲಿ ಅವಳ ತಾಯಿ ಗಂಡು ಹೆರುತ್ತಾಳೆ. ಆಸ್ತಿಗೆ ವಾರಸುದಾರ ಬಂದ, ಮೋಹನನ ಅನುರಾಗ ಇಳಿಯಿತು. ವಿಮರ್ಶಕರು ಇದನ್ನು ಸ್ವಾರ್ಥ ಎಂದುಬಿಡುತ್ತಾರೆ. ಪಾಪ, ಅವರಿಗೆ ಲೆಕ್ಕ ಬರುವುದಿಲ್ಲ. ತೋಟದ ಎಕರೆಗಳನ್ನು ಬಾಮೈದಂದಿರ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಪ್ರೇಮ. ಬಾಮೈದ ಸೊನ್ನೆಯಾದಾಗ ಉತ್ತರ ಅನಂತ. ಅಮರ ಪ್ರೇಮ ಎಂದು ಹಿರಿಯರು ಹೇಳಿದ್ದು ಇದಕ್ಕೇ.

ತೊಡಕು ಮುಂದಿದೆ. ಪೆಟ್ಟಾಗಿ ಮಲಗಿದ ಮೋಹನನಿಗೆ ಇಂದಿರಾ ಶುಶ್ರೂಷೆ ಮಾಡುತ್ತಾಳೆ, ಅವನ ಮನಸ್ಸು ಮತ್ತೆ ಅವಳತ್ತ ತಿರುಗುತ್ತದೆ. ತೋಟ ಅಷ್ಟೇ ಇದೆ, ಬಾಮೈದನೂ ಇದ್ದಾನೆ, ಪ್ರೇಮ ಮಾತ್ರ ಏರಿದೆ! ಅದೂ ಸಾಲದೆಂಬಂತೆ ಇಂದಿರಾ ಒಲ್ಲೆ ಎನ್ನುತ್ತಾಳೆ. ತ್ರಿವೇಣಿ ಮೈಸೂರಿನಲ್ಲಿ ಓದಿದ್ದು ಮನಶ್ಶಾಸ್ತ್ರ. ಗಣಿತ ಓದಿದ್ದರೆ ಹೀಗಾಗುತ್ತಿರಲಿಲ್ಲ. 1967ರಲ್ಲಿ ಸಿನಿಮಾ ಮಾಡಿದ ಪುಟ್ಟಣ್ಣ ಕಣಗಾಲರೂ ತಪ್ಪನ್ನು ತಿದ್ದಲಿಲ್ಲ.

ಕ್ಷೇತ್ರಕಾರ್ಯವನ್ನೂ ಮಾಡಿದ್ದೇನೆ. ಲೈಬ್ರರಿ ಪ್ರತಿಯಲ್ಲಿ, ಇಂದಿರಾ ಒಲ್ಲೆ ಎನ್ನುವ ಪುಟದ ಅಂಚಿನಲ್ಲಿ, ಯಾರೋ ಪೆನ್ಸಿಲಿನಲ್ಲಿ ‘ಹಾಗೇ ಆಗ್ಬೇಕು ಅವನಿಗೆ’ ಎಂದು ಗೀಚಿದ್ದರು. ಅದರ ಕೆಳಗೆ ನೀಲಿ ಶಾಯಿಯಲ್ಲಿ ‘ಪಾಪ ಕಣ್ರೀ, ಒಪ್ಕೋಬಹುದಿತ್ತು’ ಎಂದಿತ್ತು. ಮೂರನೆಯವರು ಕೆಂಪಿನಲ್ಲಿ ‘ಪುಸ್ತಕದಲ್ಲಿ ಬರೆಯಬಾರದು’ ಎಂದು ಬರೆದಿದ್ದರು. ಪುಟದ ನಡುವೆ ಒಂದು ಜಾಗದಲ್ಲಿ ಕಾಗದ ಉಬ್ಬಿ ಒಣಗಿತ್ತು. ಕಣ್ಣೀರೋ ಕಾಫಿಯೋ ನೋಡೋಣವೆಂದು ಮೂಸಿದೆ. ಕಾಫಿಯಲ್ಲ.

ಸೂತ್ರವನ್ನು ನನ್ನ ಮೇಲೂ ಪ್ರಯೋಗಿಸಿದೆ. ಮಾವನವರಿಗೆ ತೋಟವಿಲ್ಲ, ಬಾಮೈದಂದಿರು ಇಬ್ಬರು. ಸೊನ್ನೆಯನ್ನು ಎರಡರಿಂದ ಭಾಗಿಸಿದರೆ ಸೊನ್ನೆ. ಫಲಿತಾಂಶವನ್ನು ಮನೆಯವಳಿಗೆ ತಿಳಿಸಲು ಹೋದರೆ, ಅವಳು ಕಾದಂಬರಿಯಿಂದ ತಲೆ ಎತ್ತದೆ, ‘ಲೈಟ್ ಆರಿಸ್ಬೇಡಿ, ಇನ್ನು ಹತ್ತೇ ಪುಟ’ ಎಂದಳು.

ಮಾರನೆಯ ದಿನ ದಿನಸಿ ಅಂಗಡಿಯಲ್ಲಿ ಅವಳು ಕೊಟ್ಟ ಚೀಟಿ ಬಿಡಿಸಿದೆ. ನೀಲಿ ಶಾಯಿ. ‘ಜೀರಿಗೆ ಮರೀಬೇಡಿ ಕಣ್ರೀ’ ಎಂದಿತ್ತು. ಆ ದೀರ್ಘದ ಬಾಲವನ್ನು ಎಲ್ಲೋ ನೋಡಿದ ಹಾಗಿತ್ತು. ಹೆಚ್ಚಿನ ತನಿಖೆಗೆ ಹೋಗಲಿಲ್ಲ. ಜೀರಿಗೆ ಕಾಲು ಕೆಜಿ ತಂದೆ.