ಹೋತನಿಗೆ ಟೋಪಿ

ಕೊಟ್ಟಿಗೆಯ ವಾಸನೆಯಷ್ಟು ಉಪಕಾರಿ ಇನ್ನೊಂದಿಲ್ಲ. ಹೊತ್ತವನಿಗೆ ಮಾತ್ರ ಅದು ಬಡಿಯುವುದೇ ಇಲ್ಲ. ಮೂಗು ಐದು ನಿಮಿಷ ಗೊಣಗಿ ರಾಜಿಯಾಗಿಬಿಡುತ್ತದೆ. ಸಗಣಿ ಬಾಚಿ, ಕೈಕಾಲಿಗೆ ನೀರು ಚಿಮುಕಿಸಿಕೊಂಡು ಬಸ್ ಹತ್ತಿದ ನಮ್ಮ ಭಾವ, ಪಕ್ಕದವರು ಎದ್ದು ಹೋದಾಗಲೆಲ್ಲ "ಈಗಿನ ಜನಕ್ಕೆ ಎಷ್ಟು ಮರ್ಯಾದೆ ನೋಡು, ಸೀಟು ಬಿಟ್ಟುಕೊಡ್ತಾರೆ" ಎನ್ನುತ್ತಾರೆ.

ಮದುವೆಮನೆಗೆ ಹೊರಟರೆ ಮೈಗೆ ಸೆಂಟು ಬೇರೆ. ಗಂಜಲದ ಜೊತೆ ಮಲ್ಲಿಗೆ ಸೇರಿದರೆ ಹಸುವಿಗೇ ಧಾರೆ ಎರೆಯುತ್ತಿದ್ದಾರೇನೋ ಅನ್ನಿಸುತ್ತದೆ.

ಹಾಗಂತ ಗಂಜಲವೊಂದನ್ನೇ ಬಯ್ಯುವುದು ಅನ್ಯಾಯ. ಅದರಲ್ಲಿರುವ ಯೂರಿಯಾಕ್ಕೆ ವಾಸನೆಯಿಲ್ಲ. ಸಗಣಿಯ ಸೂಕ್ಷ್ಮಾಣುಗಳ ಯೂರಿಯೇಸ್ ಎಂಬ ಕಿಣ್ವ ಅದಕ್ಕೆ ತಾಗಬೇಕು, ಆಗ ಅಮೋನಿಯಾ ಎದ್ದು ಕಣ್ಣಲ್ಲಿ ನೀರು ಬರಿಸುತ್ತದೆ. ಅದಕ್ಕೇ ಗಂಜಲ ಬೇರೆಯಾಗಿ ಹರಿದುಹೋಗಲು ಚರಂಡಿ ತೆಗೆದ ಕೊಟ್ಟಿಗೆಯಲ್ಲಿ ನಾತ ಕಡಿಮೆ. ಇವೆರಡರ ಸಂಬಂಧ ಕೂಡಿಸುವುದು ನಾವೇ, ಪಂಚೆಯ ಅಂಚಿನಲ್ಲಿ.

ಪಂಚೆ ಕೊಳೆಯಾಯಿತೆಂದು ನೇರ ಹಂಡೆಯ ಬಿಸಿನೀರಿಗೆ ಅದ್ದುವ ಶೂರರಿದ್ದಾರೆ. ರಕ್ತ, ಹಾಲು, ಸಗಣಿ ಯಾವುದರಲ್ಲಿದ್ದರೂ ಪ್ರೋಟೀನು ಬಿಸಿ ತಾಗಿದರೆ ನೂಲಿಗೆ ಕಚ್ಚಿಕೊಳ್ಳುತ್ತದೆ, ಕೋಳಿಮೊಟ್ಟೆ ಬೆಂದಂತೆಯೇ. ಮೊದಲು ಗಟ್ಟಿಯಾದದ್ದನ್ನು ಕೆರೆದು, ತಣ್ಣೀರಲ್ಲಿ ಜಾಲಿಸಿ, ಆಮೇಲೆ ಕಿಣ್ವವಿರುವ ಪುಡಿಯಲ್ಲಿ ನೆನೆಹಾಕಬೇಕು. ಉಳಿದ ಹಸಿರು ಛಾಯೆ ಹಸು ತಿಂದ ಹುಲ್ಲಿನದ್ದು, ಅದನ್ನು ಬಿಸಿಲಿಗೆ ಬಿಡಿ. ಕಂಬಳಿಯನ್ನು ಮಾತ್ರ ಆ ಪುಡಿಗೆ ಹಾಕಬೇಡಿ. ಉಣ್ಣೆಯೂ ಪ್ರೋಟೀನೇ, ಕಿಣ್ವಕ್ಕೆ ಕಲೆ ಯಾವುದು ಕಂಬಳಿ ಯಾವುದು ಎಂಬ ಭೇದವಿಲ್ಲ. ಇನ್ನು ಗಂಜಲ ಹೀರಿದ ಬಟ್ಟೆಗೆ ಬ್ಲೀಚು ಸುರಿಯುವ ಪಂಡಿತರು ದಯವಿಟ್ಟು ಕೈ ತಡೆಯಲಿ: ಅಮೋನಿಯಾಕ್ಕೆ ಬ್ಲೀಚು ಸೇರಿದರೆ ಕ್ಲೋರಮೀನ್ ಎಂಬ ವಿಷಗಾಳಿ. ಇಲ್ಲಿ ತಮಾಷೆ ಇಲ್ಲ.

ಇಷ್ಟೆಲ್ಲ ದನದ ಮಾತಾಯಿತು. ಹೋತನ ಮುಂದೆ ದನ ಹೂವಿನ ಬುಟ್ಟಿ! ಬೆದೆಯ ಕಾಲದಲ್ಲಿ ಅವನು ತನ್ನ ಗಡ್ಡಕ್ಕೆ, ಮುಂಗಾಲಿಗೆ ತಾನೇ ಉಚ್ಚೆ ಹೊಯ್ದುಕೊಂಡು ಸಿಂಗಾರವಾಗುತ್ತಾನೆ. ಸಾಲದೆಂದು ಕೊಂಬಿನ ಬುಡದ ಗ್ರಂಥಿಗಳ ಜಿಡ್ಡೂ ಇದೆ. ಹಿಡಿದು ಕಟ್ಟಿದವನ ಕೈಗೆ ಅದು ಅಂಟಿದರೆ ಸಾಬೂನು ಸವೆದೀತೇ ಹೊರತು ನಾತ ಹೋಗದು. ಜಿಡ್ಡಿಗೆ ಜಿಡ್ಡೇ ಮದ್ದು: ಕೊಬ್ಬರಿ ಎಣ್ಣೆ ಉಜ್ಜಿ, ಸೀಗೆಪುಡಿಯಿಂದ ತಿಕ್ಕಿ ತೊಳೆದರೆ ಅಷ್ಟಿಷ್ಟು ಇಳಿಯುತ್ತದೆ. ಜಪಾನಿನ ವಿಜ್ಞಾನಿಗಳಂತೂ ಹೋತನ ತಲೆಗೆ ವಿಶೇಷ ಟೋಪಿ ತೊಡಿಸಿ ಆ ವಾಸನೆಯನ್ನು ಹಿಡಿದಿಟ್ಟರು. 2014ರಲ್ಲಿ ಪ್ರಕಟವಾದ ಅವರ ಶೋಧ ಕೇಳಿ: ಹೆಣ್ಣಾಡಿನ ಮಿದುಳನ್ನು ಎಚ್ಚರಿಸುವ 4-ಈಥೈಲ್ಆಕ್ಟನಾಲ್ ಎಂಬ ವಸ್ತು ಅದರಲ್ಲಿದೆ, ಮತ್ತು ಅದಕ್ಕಿರುವುದು ಕಿತ್ತಳೆ ಜಾತಿಯ ಪರಿಮಳ! ಗಾಳಿಗೆ ಬಿದ್ದು ಅದು ಆಮ್ಲವಾದರೆ ನಮ್ಮ ಪರಿಚಿತ ಹೋತನಾತ.

ಇದನ್ನು ಓದಿ ಹೇಳಿದ್ದೇ ತಡ, ಭಾವನ ಎದೆ ಉಬ್ಬಿತು. "ಹಾಗಾದರೆ ನನ್ನಿಂದ ಬರುವುದೂ ಕಿತ್ತಳೆಯದ್ದೇ" ಎಂದರು. ಅಕ್ಕ ಒಳಗಿನಿಂದ ಚಾಪೆ ತಂದು ಜಗಲಿಯ ಮೇಲೆ ಹಾಸಿ, "ಕಿತ್ತಳೆ ಹಣ್ಣು ಹೊರಗಿದ್ದರೇ ಕೆಡೋದಿಲ್ಲ" ಎಂದು ಬಾಗಿಲು ಹಾಕಿಕೊಂಡಳು.